ಚೀಲ ಹೊಲಿಯುವ ಕೊಟ್ರಬಸ

ಕುರುಗೋಡಿನ ಚನ್ನವೀರಮ್ಮನಿಗೆ ತಮ್ಮ ಹುಟ್ಟಿದಾಗ ಏಳು ವರ್ಷ. ತಾಯಿ ಎರಡು ಗಂಡು ಕೂಸು ಕಳೆದುಕೊಂಡ ಮೇಲೆ ಉಳಿದ ಮಗ. ಹರಕೆ ಹೊತ್ತು ಹಡೆದದ್ದಕ್ಕೆ ಕೊಟ್ರಬಸಪ್ಪ ಎಂದು ಹೆಸರಿಟ್ಟರು. ಕೂಸು ಬೆಣ್ಣೆ ಮುದ್ದೆಯಂತೆ ಮೆತ್ತಗಿತ್ತು. ಕಣ್ಣಿನ ತುದಿ ಮೇಲಕ್ಕೆ ಎಳೆದಂತಿತ್ತು, ನಾಲಿಗೆ ತುಟಿ ದಾಟಿ ಹೊರಗೇ ಇರುತ್ತಿತ್ತು. ಮೂರು ವರ್ಷಕ್ಕೆ ನಿಂತ, ಐದಕ್ಕೆ ‘ಅಕ್ಕಾ’ ಎಂದ. ಬಳ್ಳಾರಿ ದೊಡ್ಡಾಸ್ಪತ್ರೆಯ ಡಾಕ್ಟರು ಏನೋ ಒಂದು ಇಂಗ್ಲಿಷ್ ಹೆಸರು ಹೇಳಿ, ಬುದ್ಧಿ ಇಷ್ಟೇ ಬೆಳೆಯುವುದು, ಎದೆಯೂ ಗಟ್ಟಿಯಿಲ್ಲ, ಜೋಪಾನ ಎಂದರು. ಈಗ ಅದನ್ನು ಡೌನ್ ಸಿಂಡ್ರೋಮ್ ಎನ್ನುತ್ತಾರೆ. ಆಗ ಊರಿನಲ್ಲಿ ಏನೇನು ಅನ್ನುತ್ತಿದ್ದರು ಎಂದು ಇಲ್ಲಿ ಬರೆದರೆ ಬರೆದ ಕೈ ತೊಳೆದುಕೊಳ್ಳಬೇಕಾಗುತ್ತದೆ.

ಸಾಲಿಗೆ ಹಾಕಿದರು. ಮಾಸ್ತರು ಮೂರನೆಯ ದಿನ ತಾವೇ ಕೈಹಿಡಿದು ಮನೆಗೆ ತಂದು ಬಿಟ್ಟರು. ಎಮ್ಮೆ ಮೇಯಿಸಲು ಕಳಿಸಿದರು. ಸಂಜೆಗೆ ಎಮ್ಮೆಯೇ ಇವನನ್ನು ಮನೆಗೆ ಹೊಡೆದುಕೊಂಡು ಬಂತು. ಊರ ಬಾಯಿಗೆ ಮುಚ್ಚಳವುಂಟೆ? ‘ಹಲಕುಂದಿ ಮಠದಾಗ ಬಿಟ್ಟು ಬರ್ರಿ, ದಾಸೋಹ ಐತಿ, ಹೆಂಗೋ ಒಂದು ತುತ್ತು ಸಿಗತೈತಿ’ ಎಂದು ಬಂದುಹೋದವರೆಲ್ಲ ಹೇಳುವವರೇ. ತಾಯಿ ದೊಡ್ಡಬಸಮ್ಮ ಮಾತ್ರ ಒಪ್ಪಲಿಲ್ಲ.

“ಮಠಕ್ಕ ಹೋಗಿ ಕೈಮುಗಿದು ಬರ್ತೀನಿ, ಮಗನ್ನ ಬಿಟ್ಟು ಬರಂಗಿಲ್ಲ. ಎರಡು ಕೈ ಅದಾವ, ಎರಡು ಕಾಲು ಅದಾವ. ಏನರ ಒಂದು ಕಾಯಕ ಮಾಡಿ ಉಣ್ಲಿ” ಎನ್ನುತ್ತಿದ್ದಳು.

ಆ ಕಾಯಕ ಯಾವುದು ಎಂದು ಮಾತ್ರ ಆಕೆಗೆ ಕೊನೆಯವರೆಗೂ ಸಿಗಲಿಲ್ಲ. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ತಾಯಿ ಹಾಸಿಗೆ ಹಿಡಿದಾಗ ಚನ್ನವೀರಮ್ಮ ಸಿರುಗುಪ್ಪದ ಗಂಡನ ಮನೆಯಿಂದ ಓಡಿಬಂದಳು. ದೊಡ್ಡಬಸಮ್ಮ ಮಗಳ ಕೈ ಹಿಡಿದು, “ತಮ್ಮಗ ಅನ್ನ ಹಾಕು ಅಂತ ಹೇಳಂಗಿಲ್ಲ ನಾ, ನೀ ಹಾಕ್ತಿ. ಒಂದು ಕೆಲಸ ಹಚ್ಚವ್ವ” ಎಂದಳು. ಅಷ್ಟೇ ಹೇಳಿದ್ದು. ಚನ್ನವೀರಮ್ಮನಿಗೆ ಅದು ಎದೆಯಲ್ಲಿ ಕೂತಿತು. ಅನ್ನ ಹಾಕು ಎಂದಿದ್ದರೆ ಸುಲಭವಿತ್ತು ಎಂದು ಆಕೆ ಎಷ್ಟೋ ಸಲ ಅಂದುಕೊಂಡದ್ದುಂಟು. ತಾಯಿ ತೀರಿದ ಮೇಲೆ ತಮ್ಮನನ್ನು ಸಿರುಗುಪ್ಪಕ್ಕೆ ಕರೆತಂದಳು.

ಆಗಿನ ಸಿರುಗುಪ್ಪವನ್ನು ಕಂಡವರೇ ಪುಣ್ಯವಂತರು. ಕಾಲುವೆ ನೀರು ಬಂದು ಎಲ್ಲಿ ನೋಡಿದರೂ ಭತ್ತ. ರಸ್ತೆಯುದ್ದಕ್ಕೂ ರೈಸ್ ಮಿಲ್ಲುಗಳ ಧಡಧಡ, ಗಾಳಿಯಲ್ಲಿ ಹಸಿ ತೌಡಿನ ವಾಸನೆ, ಬೀದಿಯಲ್ಲಿ ನಡೆದು ಬಂದರೆ ರೆಪ್ಪೆಯ ಮೇಲೂ ಹೊಟ್ಟಿನ ಧೂಳು. ಅರ್ಧ ಊರು ಕನ್ನಡ, ಅರ್ಧ ತೆಲುಗು ಮಾತಾಡುತ್ತಿತ್ತು. ಜಗಳಕ್ಕೆ ಮಾತ್ರ ಎರಡೂ ಬೇಕಾಗುತ್ತಿದ್ದವು. ಚನ್ನವೀರಮ್ಮನ ಗಂಡ ಗವಿಸಿದ್ದಪ್ಪ, ಗಾದಿಲಿಂಗಪ್ಪ ಸಾಹುಕಾರರ ಮಿಲ್ಲಿನಲ್ಲಿ ತೂಕದ ಕೆಲಸದಲ್ಲಿದ್ದ. ಆಕೆ ಮಧ್ಯಾಹ್ನ ಅವನಿಗೆ ಬುತ್ತಿ ಒಯ್ಯುವಾಗ ಕೊಟ್ರಬಸ ಅವಳ ಸೆರಗು ಹಿಡಿದು ಹಿಂದೆ ಬರುತ್ತಿದ್ದ. ಹದಿನೆಂಟರ ಹುಡುಗ, ಗಿಡ್ಡ, ದುಂಡಗೆ, ಯಾರು ಕಂಡರೂ ನಗುವವ.

ಮಿಲ್ಲಿನ ಹಿಂದೆ ಗೋಣಿಚೀಲದ ಶೆಡ್ಡು. ಅಲ್ಲಿ ಮೈಲಾರಪ್ಪ ಎಂಬವನ ರಾಜ್ಯ. ಚಿಕ್ಕಂದಿನಲ್ಲೇ ಜ್ವರ ಬಂದು ಒಂದು ಕಾಲು ಸೊರಗಿತ್ತು. ಚೀಲದ ಅಟ್ಟಿಯ ಮೇಲೆ ಕೂತು ಅಕ್ಕಿ ಚೀಲದ ಬಾಯಿ ಹೊಲಿಯುತ್ತಿದ್ದ. ಕಾಲಿನ ಬಲವೆಲ್ಲ ನಾಲಿಗೆಗೆ ಹೋಗಿತ್ತು. ಹಮಾಲರಿಂದ ಸಾಹುಕಾರರವರೆಗೆ ಅವನಿಂದ ಬೈಸಿಕೊಳ್ಳದವರಿಲ್ಲ. ಒಂದು ದಿನ ಅವನು ಚನ್ನವೀರಮ್ಮನನ್ನು ಕೂಗಿ ಕೇಳಿದ:

“ಏನವ್ವಾ, ಈ ತಮ್ಮನ್ನ ಬಾಲದಂಗ ಕಟ್ಕೊಂಡು ತಿರಗಾಡ್ತಿಯಲ್ಲ, ಇವನಿಗೇನು ಕೈ ಇಲ್ಲೇನು?”

“ಕೈ ಅದಾವಣ್ಣ. ತಲಿಗೆ ಹತ್ತಂಗಿಲ್ಲ.”

“ಚೀಲ ಹೊಲ್ಯಾಕ ತಲಿ ಯಾಕ ಬೇಕು? ತಲಿ ಇದ್ದಿದ್ರ ನಾ ಇಲ್ಲಿ ಕುಂದರತಿದ್ನೇನು? ನಾಳಿಂದ ಕಳಸು.”

ಕಲಿಸುವುದು ಹೇಳಿದಷ್ಟು ಸುಲಭವಾಗಲಿಲ್ಲ. ಮೊದಲ ವಾರ ಕೊಟ್ರಬಸ ಚೀಲದ ಜೊತೆ ತನ್ನ ಅಂಗಿಯನ್ನೂ ಸೇರಿಸಿ ಹೊಲಿದುಕೊಂಡ. ಬೆರಳಿಗೆ ದಬ್ಬಳ ಚುಚ್ಚಿಕೊಂಡು ಅತ್ತ. ದಬ್ಬಳವನ್ನೇ ಹೂತಿಟ್ಟ. ಒಂದು ಚೀಲದ ಬಾಯಿಗೆ ಹನ್ನೆರಡು ಹೊಲಿಗೆ ಬೀಳಬೇಕು, ಎರಡು ಮೂಲೆಯಲ್ಲಿ ಹಮಾಲರು ಹಿಡಿಯಲು ಕಿವಿ ಬಿಡಬೇಕು. ಕೊಟ್ರಬಸನಿಗೆ ಲೆಕ್ಕ ಮೂರರ ಮುಂದೆ ಹೋಗದು. ಮೈಲಾರಪ್ಪ ಬೈದ, ತಲೆ ಚಚ್ಚಿಕೊಂಡ, ನಾಲ್ಕು ದಿನ ಮುನಿಸಿಕೊಂಡ. ಐದನೆಯ ದಿನ ಕರೆದು, “ಲೇ ತಮ್ಮಾ, ನಿನಗ ಯಾರ‍್ಯಾರು ಗೊತ್ತು, ಹೇಳು” ಎಂದ.

ಕೊಟ್ರಬಸ ಹೇಳಿದ. ಅವ್ವ, ಅಪ್ಪ, ಅಕ್ಕ, ಮಾವ, ಅಕ್ಕನ ಇಬ್ಬರು ಮಕ್ಕಳು, ಕುರುಗೋಡಿನ ಪಕ್ಕದ ಮನೆಯ ಮುದುಕಿ, ಅಂಗಡಿ ಸುಂಕಣ್ಣ, ಬಸವಣ್ಣ ದೇವರು, ಸಾಹುಕಾರ, ಮೈಲಾರಣ್ಣ. ಹನ್ನೊಂದಾಯಿತು. ಹನ್ನೆರಡನೆಯದಕ್ಕೆ ಬಹಳ ಹೊತ್ತು ಯೋಚಿಸಿ ‘ಎಮ್ಮಿ’ ಎಂದ.

ಅಲ್ಲಿಂದ ದಾರಿ ಸಿಕ್ಕಿತು. ಅವ್ವನಿಗೊಂದು ಹೊಲಿಗೆ, ಅಪ್ಪನಿಗೊಂದು, ಎಮ್ಮೆಗೊಂದು ಹಾಕಿದರೆ ಚೀಲದ ಬಾಯಿ ಮುಚ್ಚಿತು. ಒಂದು ಹೆಸರು ತಪ್ಪಿದರೆ ಪೂರ್ತಿ ಬಿಚ್ಚಿ ಮತ್ತೆ ಅವ್ವನಿಂದಲೇ ಶುರು. ಎಂಟು ತಿಂಗಳು ಹಿಡಿಯಿತು. ಎಪ್ಪತ್ತರ ಬೇಸಿಗೆಯಲ್ಲಿ ಸಾಹುಕಾರರು ಅವನನ್ನು ಖಾಯಂ ಆಳು ಎಂದು ಬರೆಸಿಕೊಂಡರು. ಚನ್ನವೀರಮ್ಮ ಅಂದು ಅಡುಗೆಮನೆಯ ಮೂಲೆಯಲ್ಲಿ ನಿಂತು ತಾಯಿಯನ್ನು ನೆನೆದು ಅತ್ತಳು. ಸಂಕಟಕ್ಕಲ್ಲ, ಸಂತೋಷಕ್ಕೆ.

ಆಮೇಲಿನ ಏಳು ವರ್ಷ ಆಕೆಯ ಬಾಳಿನಲ್ಲಿ ಬಂಗಾರದ ವರ್ಷಗಳು. ಬೆಳಿಗ್ಗೆ ಮಿಲ್ಲು ಕೂಗುವ ಮೊದಲೇ ಕೊಟ್ರಬಸ ಮಿಂದು, ಹಣೆಗೆ ವಿಭೂತಿ ಬಳಿದು, ನೀಲಿ ಅಂಗಿ ತೊಟ್ಟು, ತಲೆಯ ವಸ್ತ್ರಕ್ಕೆ ದಬ್ಬಳ ಸಿಕ್ಕಿಸಿ ಬಾಗಿಲಲ್ಲಿ ನಿಂತಿರುತ್ತಿದ್ದ. ಗವಿಸಿದ್ದಪ್ಪ ಇನ್ನೂ ಚಹಾ ಕುಡಿಯುತ್ತಿದ್ದರೆ, “ಮಾವಾ, ಹೊತ್ತಾತು” ಎಂದು ಗದರುತ್ತಿದ್ದ. ಶನಿವಾರ ಪಗಾರದ ದಿನ ಮಿರ್ಚಿ ಕಟ್ಟಿಸಿಕೊಂಡು ಬಂದು, ಅಕ್ಕನ ಮಕ್ಕಳಿಗೆ ಒಂದೊಂದು ಕೊಟ್ಟು, ಮಿಕ್ಕಿದ್ದನ್ನು ತಾನೊಬ್ಬನೇ ತಿನ್ನುತ್ತಿದ್ದ. ದುಡಿಯುವ ಗಂಡಸು, ಕೇಳುವವರಾರು? ಬೀದಿಯಲ್ಲಿ ಯಾರಾದರೂ ‘ಎಲ್ಲಿಗೋ?’ ಎಂದರೆ ‘ಡ್ಯೂಟಿ’ ಎನ್ನುತ್ತಿದ್ದ. ಆ ಒಂದು ಇಂಗ್ಲಿಷ್ ಮಾತು ಅವನ ನಾಲಿಗೆಗೆ ಹೇಗೆ ಹತ್ತಿತೋ, ಕನ್ನಡದ ಎಷ್ಟೋ ಮಾತುಗಳಿಗಿಂತ ಸ್ವಚ್ಛವಾಗಿ ಬರುತ್ತಿತ್ತು.

ಕೆಟ್ಟದ್ದು ಬಂದದ್ದು ಒಳ್ಳೆಯದರ ವೇಷದಲ್ಲಿ.

ಎಪ್ಪತ್ತೇಳರ ಶ್ರಾವಣ. ಆದವಾನಿಗೆ ಹೋಗುವ ಎರಡು ಲಾರಿ, ಒಂದು ಈ ಮಿಲ್ಲಿನದು, ಒಂದು ಪಕ್ಕದ ಮಿಲ್ಲಿನದು, ಜೊತೆಗೇ ಹೊರಡಬೇಕಿತ್ತು. ಹಿಂದಿನ ದಿನ ಹೊಸ ಆಳೊಬ್ಬ ಅವಸರಕ್ಕೆ ಚೀಲಗಳಿಗೆ ಎಂಟೆಂಟೇ ಹೊಲಿಗೆ ಹಾಕಿ ಎಸೆದಿದ್ದ. ಲಾರಿಗೆ ಏರುವ ಹೊತ್ತಿಗೆ ಕೊಟ್ರಬಸ ಒಂದು ಚೀಲದ ಬಾಯಿ ಸವರಿ ನೋಡಿದ. “ಬಸವಣ್ಣ ಇಲ್ಲ, ಎಮ್ಮಿ ಇಲ್ಲ” ಎಂದು ಕೂತುಬಿಟ್ಟ. ಬಿಚ್ಚಿದ. ಇನ್ನೊಂದು ಬಿಚ್ಚಿದ. ಡ್ರೈವರ್ ತೆಲುಗಿನಲ್ಲಿ ಬೈದ, ಹಮಾಲರು ನಕ್ಕರು, ಮೈಲಾರಪ್ಪ ಮಾತ್ರ, “ಅವನು ಮಾಡೂದ ಸರಿ ಐತಿ, ಹಾದ್ಯಾಗ ಚೀಲ ಹರದ್ರ ನಿಮ್ಮಪ್ಪ ಆಯಾಕ ಬರ್ತಾನೇನು?” ಎಂದು ಅವನ ಜೊತೆ ತಾನೂ ಕೂತ. ಲಾರಿ ಎರಡು ತಾಸು ತಡವಾಗಿ ಹೊರಟಿತು. ಅಷ್ಟರಲ್ಲಿ ದಾರಿಯ ಹಳ್ಳಕ್ಕೆ ಎಲ್ಲಿಂದಲೋ ನೀರು ಬಂದು, ಮುಂದೆ ಹೋದ ಪಕ್ಕದ ಮಿಲ್ಲಿನ ಲಾರಿ ನಡುನೀರಿನಲ್ಲಿ ಮಗುಚಿತು. ಜನ ಹೇಗೋ ಈಜಿ ದಡ ಸೇರಿದರು, ಅಕ್ಕಿ ಹೊಳೆಪಾಲಾಯಿತು.

ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ. ಆದರೆ ಬಳ್ಳಾರಿ ಸೀಮೆಯ ಜನ ಅಷ್ಟಕ್ಕೆ ಕಾಗೆಯನ್ನು ಬಿಡುವವರಲ್ಲ. ಇಲ್ಲಿ ಊರಿಗೊಬ್ಬ ತಾತ. ಲೋಕದ ರೀತಿಗೆ ಒಗ್ಗದವನು, ಕೇಳಿದ್ದಕ್ಕೆ ನೆಟ್ಟಗೆ ಉತ್ತರ ಕೊಡದವನು ಕಂಡರೆ ಅವಧೂತ, ತಾತ ಎಂದು ಕಾಲಿಗೆ ಬೀಳುವುದು ಇಲ್ಲಿಯವರ ರಕ್ತದಲ್ಲೇ ಇದೆ. ಅದು ಕೆಟ್ಟದ್ದೆಂದು ಹೇಳುವಂತಿಲ್ಲ. ಬೇರೆ ಕಡೆ ಕಲ್ಲೇಟು ತಿನ್ನಬೇಕಾಗಿದ್ದ ಎಷ್ಟೋ ಜನ ಈ ಸೀಮೆಯಲ್ಲಿ ಅನ್ನ ತಿಂದಿದ್ದಾರೆ. ಸಾಹುಕಾರರ ತಾಯಿ ವೀರಭದ್ರಮ್ಮ ಸುದ್ದಿ ಕೇಳಿದವಳೇ ಶೆಡ್ಡಿಗೆ ಬಂದು, ಬರಿಗಾಲಲ್ಲಿ ನಿಂತು, ಕೊಟ್ರಬಸನಿಗೆ ಅಡ್ಡಬಿದ್ದಳು.

“ಏಳು ವರ್ಷ ತಾತನ ಕೈಲೆ ಗೋಣಿಚೀಲ ಹೊಲಿಸೀವಲ್ಲೋ ಗಾದಿಲಿಂಗಾ! ಯಾವ ನರಕಕ್ಕ ಹೋಗ್ತೀವೋ!” ಎಂದು ಮಗನ ಮೇಲೆ ಹರಿಹಾಯ್ದಳು.

ಮರುದಿನದಿಂದ ಕೊಟ್ರಬಸನಿಗೆ ದಬ್ಬಳ ಮುಟ್ಟಗೊಡಲಿಲ್ಲ. ಮಿಲ್ಲಿನ ಮುಂದಿನ ಜಗುಲಿಯಲ್ಲಿ ಕಂಬಳಿ ಹಾಸಿ ಕೂರಿಸಿದರು. ಕೊರಳಿಗೆ ಹೂವು, ಮುಂದೆ ತೆಂಗಿನಕಾಯಿ. ಬಿತ್ತನೆ ಬೀಜ ಮುಟ್ಟಿಸಲು ರೈತರು ಬಂದರು, ಹತ್ತಿ ದರ ಏರುತ್ತದೋ ಇಳಿಯುತ್ತದೋ ಕೇಳಲು ಬಳ್ಳಾರಿಯಿಂದ ವ್ಯಾಪಾರಿಗಳು ಬಂದರು. ಅವನು ಬಾಳೆಹಣ್ಣು ತಿಂದರೆ ಏರುತ್ತದೆ ಎಂದು ತಿಳಿದರು, ಸಿಪ್ಪೆ ಎಸೆದರೆ ಇಳಿಯುತ್ತದೆ ಎಂದು ತಿಳಿದರು.

ಸುಳ್ಳು ಹೇಳಬಾರದು, ಚನ್ನವೀರಮ್ಮನಿಗೂ ಮೊದಮೊದಲು ಹಿತವಾಯಿತು. ತಮ್ಮನನ್ನು ಕಂಡು ಮುಖ ತಿರುಗಿಸಿದ್ದ ಕುರುಗೋಡಿನ ಮಂದಿಯೇ ಬಸ್ಸು ಹತ್ತಿ ಬಂದು ಅವನ ಪಾದಕ್ಕೆ ಹಣೆ ಹಚ್ಚುವುದನ್ನು ನೋಡುವುದೆಂದರೆ! ತಾಯಿ ಇದ್ದು ನೋಡಬೇಕಿತ್ತು ಎನ್ನಿಸಿತು. ಎರಡು ತಿಂಗಳು ಕಳೆದ ಮೇಲೆ ಆಕೆಗೆ ಬೇರೆಯೇ ಕಾಣತೊಡಗಿತು. ಕೊಟ್ರಬಸ ನಗುವುದು ಬಿಟ್ಟ. ಕೂತಲ್ಲೇ ಕೂತು ಮೈ ಬಂತು, ನಾಲ್ಕು ಹೆಜ್ಜೆಗೆ ಏದುಸಿರು. ಬೆಳಿಗ್ಗೆ ಮಾವನನ್ನು ಗದರುವುದಿಲ್ಲ. ಮನೆಯಲ್ಲಿ ದಾರ ಕಂಡರೆ ಸಾಕು, ಕೌದಿಗೆ ತಲೆದಿಂಬು, ತಲೆದಿಂಬಿಗೆ ಟವೆಲ್ಲು ಸೇರಿಸಿ ಹೊಲಿದು, ತಪ್ಪಿತಸ್ಥನಂತೆ ಅಕ್ಕನ ಮುಖ ನೋಡುತ್ತಿದ್ದ.

“ಅಕ್ಕಾ, ನಾ ಏನು ಮಾಡಿನಿ? ಡ್ಯೂಟಿ ಯಾಕಿಲ್ಲ?” ಎಂದು ಒಂದು ಸಂಜೆ ಕೇಳಿದ. ಕೆಲಸ ಕೆಡಿಸಿದ್ದಕ್ಕೆ ತನ್ನನ್ನು ಹೊರಗೆ ಕೂರಿಸಿದ್ದಾರೆ ಎಂದು ಅವನು ತಿಳಿದಿದ್ದ. ಜನ ದೇವರೆಂದು ಪೂಜಿಸುತ್ತಿದ್ದ ಅಷ್ಟು ದಿನವೂ ಅವನು ಅದನ್ನು ಶಿಕ್ಷೆಯೆಂದು ಅನುಭವಿಸಿದ್ದ.

ಆಕೆ ಗಂಡನಿಗೆ ಹೇಳಿದಳು. ಗವಿಸಿದ್ದಪ್ಪ ತಲೆ ತಗ್ಗಿಸಿ, “ಅವ್ವಾರ ಮಾತು ಮೀರಿದ್ರ ನನ್ನ ಕೆಲಸನೂ ಹೋಗತೈತಿ. ನಾಕು ಹೊಟ್ಟಿ ಅದಾವ ಮನ್ಯಾಗ” ಎಂದ. ಅದೂ ನಿಜವೇ. ಆಕೆ ಮೈಲಾರಪ್ಪನ ಹತ್ತಿರ ಹೋದಳು. ಅವನು ಒಮ್ಮೆಗೇ ಸಿಡಿದ.

“ಕಾಲಿಲ್ಲದ ನನ್ನ ಯಾರೂ ತಾತ ಅನಲಿಲ್ಲ, ಯಾಕಂದ್ರ ಬೈತೀನಿ. ಅವನು ಬೈಯಂಗಿಲ್ಲ, ಅದಕ್ಕ ಸಿಕ್ಕಾಕ್ಕೊಂಡ. ಚನ್ನವೀರಮ್ಮ, ಏನರ ಮಾಡು. ಎಂಟು ತಿಂಗಳು ಕಲಿಸಿದ್ದು ಕೈ ಮರತು ಬಿಡತೈತಿ.”

ಅಷ್ಟರಲ್ಲಿ ಇನ್ನೊಂದು ಸುದ್ದಿ. ವೀರಭದ್ರಮ್ಮ ತನ್ನ ತವರಾದ ರೂಪನಗುಡಿಯಲ್ಲಿ ತಾತನಿಗೊಂದು ಮಠ ಕಟ್ಟಿಸುತ್ತಾಳಂತೆ. ಬರುವ ಸೋಮವಾರ ಕಾರಿನಲ್ಲಿ ಕರೆದೊಯ್ದು ಅಲ್ಲಿಯೇ ಇರಿಸುವುದಂತೆ. ಹಲಕುಂದಿಯಲ್ಲಿ ಬಿಡಲಾರೆ ಎಂದು ತಾಯಿ ಹಲ್ಲುಕಚ್ಚಿ ಸಾಕಿದ ಮಗ ಈಗ ರೂಪನಗುಡಿಯಲ್ಲಿ ಕೈಕಟ್ಟಿ ಕೂತು ಉಣ್ಣಬೇಕು. ಚನ್ನವೀರಮ್ಮ ಮೂರು ದಿನ ಅನ್ನ ಮುಟ್ಟಲಿಲ್ಲ. ಬೇಡ ಎಂದರೆ ಗಂಡನ ಕೆಲಸ, ಸುಮ್ಮನಿದ್ದರೆ ತಮ್ಮನ ಬದುಕು.

ಸೋಮವಾರ ಬೆಳಿಗ್ಗೆ ಮಿಲ್ಲಿನ ಮುಂದೆ ಜನವೋ ಜನ. ಹೂವು ಸುತ್ತಿದ ಅಂಬಾಸಿಡರ್ ಕಾರು ನಿಂತಿತ್ತು. ಕೊಟ್ರಬಸನಿಗೆ ಕಾರೆಂದರೆ ಜೀವ. ಅವನು ಮೊದಲೇ ಹೋಗಿ ಅದರ ಕನ್ನಡಿಯಲ್ಲಿ ಮುಖ ನೋಡುತ್ತ, ಬಾಗಿಲ ಹಿಡಿ ತಿರುವುತ್ತ ನಿಂತಿದ್ದ. ಅದನ್ನು ಕಂಡೂ ಚನ್ನವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಜನರ ನಡುವೆ ನುಗ್ಗಿ, ಎಲ್ಲರೆದುರು ತಮ್ಮನ ಪಾದಕ್ಕೆ ಬಿದ್ದಳು. ಎದ್ದು ವೀರಭದ್ರಮ್ಮನ ಕಡೆ ತಿರುಗಿದಳು.

“ಅವ್ವಾರ, ತಾತನ ಅಪ್ಪಣಿ ಕೇಳಿರೇನ್ರಿ?”

“ಏನಪ್ಪಣಿ?”

“ಎಲ್ಲಿಗೆ ಹೋಗಬೇಕು, ಎಲ್ಲಿರಬೇಕು ಅಂತ. ತಾತನ್ನ ಅಪ್ಪಣಿ ಇಲ್ದ ಎಬ್ಬಿಸಿದವರು ಯಾರರ ಉದ್ಧಾರ ಆಗ್ಯಾರೇನ್ರಿ?”

ಜನ ಹೌದು ಹೌದು ಎಂದರು. ವೀರಭದ್ರಮ್ಮನ ಭಕ್ತಿ ನಾಟಕದ್ದಲ್ಲ. ಆಕೆಗೂ ಅದು ಸರಿ ಎನ್ನಿಸಿತು. ಕೈಮುಗಿದು, “ತಾತಾ, ಏನಪ್ಪಣಿ? ತಾವು ಅಂದಂಗ ನಡೀತೀನಿ” ಎಂದಳು.

ಕೊಟ್ರಬಸ ಕಾರಿನ ಹಿಡಿ ಬಿಡಲಿಲ್ಲ. ಬಾಗಿಲು ತೆರೆದು ಒಳಗಿನ ಮೆತ್ತೆ ಒತ್ತಿ ನೋಡಿದ. ಚನ್ನವೀರಮ್ಮ ಅವನ ಬಾಯನ್ನೇ ನೋಡಿದಳು. ‘ಕಾರು’ ಎಂಬ ಒಂದು ಮಾತು ಅವನ ಬಾಯಿಂದ ಬಂದರೆ ಎಲ್ಲ ಮುಗಿಯಿತು, ಮುಗಿಸಿದವಳು ತಾನೇ ಆಗುತ್ತಾಳೆ. ಆಗ ಮಿಲ್ಲು ಕೂಗಿತು. ಅವನು ತಲೆ ಎತ್ತಿದ. ಜನರನ್ನು ನೋಡಿದ, ಸಾಹುಕಾರರನ್ನು ನೋಡಿದ, ಕೈಮುಗಿದು ನಿಂತಿದ್ದ ಮುದುಕಿಯನ್ನು ನೋಡಿದ.

“ಡ್ಯೂಟಿಗೆ ಹೋಗ್ತೀನಿ” ಎಂದ. “ಹೊತ್ತಾತು. ಮೈಲಾರಣ್ಣ ಬೈತಾನ.”

ಅವನೇ ಕೊರಳ ಹಾರ ತೆಗೆದು ಕಾರಿನ ಮೂತಿಯ ಮೇಲಿಟ್ಟು, ಜನರನ್ನು ಸರಿಸಿಕೊಂಡು ಶೆಡ್ಡಿನ ಕಡೆ ನಡೆದ. ನಡುದಾರಿಯಲ್ಲಿ ನಿಂತು ಏದುಸಿರು ಬಿಟ್ಟು ಮತ್ತೆ ನಡೆದ. ಒಳಗಿನಿಂದ ಮೈಲಾರಪ್ಪ ಬೈಯುವುದು ಬೀದಿಗೆ ಕೇಳಿಸಿತು. ಮುಂಚಿಗಿಂತ ಜೋರಾಗಿಯೇ ಬೈಯುತ್ತಿದ್ದ, ನಡುನಡುವೆ ಮೂಗು ಸೀಟುತ್ತಿದ್ದ. ಗಾದಿಲಿಂಗಪ್ಪ ಸಾಹುಕಾರರು ತಾಯಿಯ ಕಡೆ ನೋಡಿ, “ಅಪ್ಪಣಿ ಆತಲ್ಲವ್ವ” ಎಂದರು. ಎರಡು ತಿಂಗಳಿಂದ ಅವರಿಗೂ ಮಿಲ್ಲಿನ ಬಾಗಿಲಲ್ಲಿ ಲಾರಿ ನಿಲ್ಲಿಸಲು ಜಾಗವಿರಲಿಲ್ಲ.

ವೀರಭದ್ರಮ್ಮನ ನಂಬಿಕೆ ಅದರಿಂದ ಹೋಗಲಿಲ್ಲ. ಆಕೆ ಸೋಮವಾರ ಶೆಡ್ಡಿನ ಬಾಗಿಲಲ್ಲಿ ನಿಂತು ಕೈಮುಗಿದು ಹೋಗುವುದನ್ನು ಒಂಬತ್ತು ವರ್ಷ ತಪ್ಪಿಸಲಿಲ್ಲ. ಕೊಟ್ರಬಸ ದಬ್ಬಳ ಹಿಡಿದೇ ‘ಬರ್ರಿ’ ಎನ್ನುತ್ತಿದ್ದ. ಬೇರೆ ಭಕ್ತರನ್ನು ಮೈಲಾರಪ್ಪ ಬಾಯಿಂದಲೇ ಓಡಿಸಿದ. ಆದರೂ ಬಿಡದೆ ಬಂದವರೆಂದರೆ ಒಂದೇ ಬಗೆಯ ಜನ, ತಾಯಂದಿರು. ಮಾತು ಬಾರದ ಮಗಳನ್ನೋ, ನಡೆಯಲಾಗದ ಮಗನನ್ನೋ, ಕೊಟ್ರಬಸನಂಥದೇ ಮುಖದ ಕೂಸನ್ನೋ ಕರೆತಂದು, ತಾತ ಒಮ್ಮೆ ತಲೆ ಮುಟ್ಟಲಿ ಎಂದು ಬೇಡುವವರು. ಚನ್ನವೀರಮ್ಮ ಅವರನ್ನು ಮನೆಗೆ ಕರೆದು ರೊಟ್ಟಿ ಕೊಟ್ಟು, “ನನ್ನ ತಮ್ಮ ವಾಸಿ ಮಾಡಂಗಿಲ್ಲವ್ವ. ಅವನು ಏನು ಮಾಡ್ತಾನ ನೋಡಿಕೊಂಡು ಹೋಗ್ರಿ” ಎಂದು ಶೆಡ್ಡಿಗೆ ಕರೆದೊಯ್ದು ತೋರಿಸುತ್ತಿದ್ದಳು. ಅವರು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡುತ್ತಿದ್ದರು.

ಎಂಬತ್ತಾರರ ಮಳೆಗಾಲದಲ್ಲಿ, ಮಧ್ಯಾಹ್ನ ಬುತ್ತಿ ಉಂಡು ಚೀಲದ ಅಟ್ಟಿಗೆ ಒರಗಿದ ಕೊಟ್ರಬಸ ಮತ್ತೆ ಏಳಲಿಲ್ಲ. ಡಾಕ್ಟರು ಹೇಳಿದ್ದ ಎದೆ, ಅವರು ಹೇಳಿದ್ದಕ್ಕಿಂತ ಎಷ್ಟೋ ವರ್ಷ ಹೆಚ್ಚೇ ದುಡಿದಿತ್ತು. ಹಮಾಲರು ಹೆಗಲು ಕೊಟ್ಟರು. ಮಿಲ್ಲು ಒಂದು ದಿನ ನಿಂತಿತು.

ಹನ್ನೊಂದನೆಯ ದಿನ ವೀರಭದ್ರಮ್ಮ ಮನೆಗೆ ಬಂದಳು. ಮುದುಕಿಗೆ ನಡೆಯಲು ಎರಡು ಕಡೆ ಆಸರೆ ಬೇಕಾಗಿತ್ತು. ಚಾಪೆಯ ಮೇಲೆ ಕೂತು ಕಣ್ಣೊರೆಸಿಕೊಂಡಳು.

“ಈಗರ ಬ್ಯಾಡ ಅನಬ್ಯಾಡ ಚನ್ನವೀರಮ್ಮ. ಮಿಲ್ಲಿನ ಹಿಂದ ಶೆಡ್ಡಿಗೆ ಹತ್ತಿ ಜಾಗ ಬಿಡಿಸೀನಿ. ತಾತಗ ಗದ್ದಿಗಿ ಕಟ್ಟಿಸೋಣು. ಕಲ್ಲು ನಿಮ್ಮ ಕುರುಗೋಡು ಗುಡ್ಡದ್ದ ತರಸ್ತೀನಿ.”

ಚನ್ನವೀರಮ್ಮ ಮುದುಕಿಯ ಕೈ ಹಿಡಿದುಕೊಂಡಳು. “ಗದ್ದಿಗಿ ಬ್ಯಾಡ್ರಿ ಅವ್ವಾರ. ಅವನ ಜಾಗ ಖಾಲಿ ಐತಿ. ಅಲ್ಲಿಗೆ ಅವನಂಥವರನ್ನ ತಗೋರಿ.”

“ಅಂಥವರು ಎಲ್ಲದಾರ?”

ಚನ್ನವೀರಮ್ಮ ಉಸಿರು ಬಿಡದೆ ಊರು ಸಮೇತ ಐದು ಹೆಸರು ಹೇಳಿದಳು. ಒಂಬತ್ತು ವರ್ಷ ರೊಟ್ಟಿ ಕೊಟ್ಟು ಕಳಿಸಿದ ತಾಯಂದಿರ ಮಕ್ಕಳು, ಈಗ ಹರೆಯಕ್ಕೆ ಬಂದವರು.

“ಐದು ಮಂದಿ!” ಎಂದಳು ವೀರಭದ್ರಮ್ಮ. “ಐದು ಮಂದಿಗೆ ಜಾಗ ಎಲ್ಲೈತವ್ವ?”

“ಗದ್ದಿಗಿಗೆ ಬಿಡಿಸೀರಲ್ರಿ, ಅಷ್ಟ ಸಾಕು.”

ಹೊರಗೆ ಮಳೆ ಹನಿಯುತ್ತಿತ್ತು. ಮುದುಕಿ ತನ್ನ ಕೈಯ ಮೇಲಿದ್ದ ಚನ್ನವೀರಮ್ಮನ ಕೈಯನ್ನು ನೋಡಿದಳು. ಆಮೇಲೆ ಕೇಳಿದಳು:

“ಮೊದಲು ಯಾರನ್ನ ಕರಸ್ತಿ?”

“ನಿಮ್ಮ ರೂಪನಗುಡಿ ಹೊನ್ನೂರಮ್ಮನ ಮಗಳು ಎಲ್ಲಮ್ಮನ್ನ ರೀ. ಕಿವಿ ಕೇಳಂಗಿಲ್ಲ, ಮಾತು ಬರಂಗಿಲ್ಲ. ಕರಸೂದು ಬ್ಯಾಡ. ಮುಂಜಾನಿಂದ ಹೊರಗ ಕಟ್ಟಿ ಮ್ಯಾಲೆ ಕುಂತಾಳ.”